ನಗುವಮ್ಮನ ದವಡೆ ಹಲ್ಲು

ಆ ಬಡಾವಣೆಯಲ್ಲಿ ನಗುವಮ್ಮ ಎಂದರೆ ಎಲ್ಲರಿಗೂ ಗೊತ್ತು. ಆದರೆ ಆಕೆ ನಕ್ಕದ್ದನ್ನು ನೋಡಿದವರು ಯಾರೂ ಇಲ್ಲ. ಮೇಲುಸಾಲಿನ ಮುಂದಿನ ಹಲ್ಲುಗಳು ಉಬ್ಬಿ ಬೆಳೆದಿದ್ದವು. ತುಟಿಯನ್ನು ಎಷ್ಟು ಎಳೆದರೂ ಅವುಗಳ ಮೇಲೆ ಮುಚ್ಚಿಕೊಳ್ಳುತ್ತಿರಲಿಲ್ಲ. ಹಾಗಾಗಿ ಸಿಟ್ಟು ಬಂದಾಗಲೂ, ತೂಕಡಿಕೆ ಬಂದಾಗಲೂ, ಎದುರಿಗೆ ನಿಂತವನು ಕಳ್ಳನೇ ಸರಿ ಎಂದು ಒಳಗೊಳಗೇ ತೀರ್ಮಾನಿಸುವಾಗಲೂ ಆಕೆಯ ಮುಖ ನಗುತ್ತಲೇ ಇರುತ್ತಿತ್ತು.

ರೈಲು ನಿಲ್ದಾಣದ ಎದುರಿನ ಸೈಕಲ್ ಸ್ಟ್ಯಾಂಡಿನಲ್ಲಿ ಆಕೆ ಆಯುಸ್ಸಿನ ಅರ್ಧ ಕಳೆದಿದ್ದರು. ತಗಡಿನ ಮಾಡು ಇದ್ದದ್ದು ಸೈಕಲ್ಲುಗಳಿಗೆ. ನೆರಳಲ್ಲಿ ಕೂತರೆ ಗೇಟು ಕಾಣುವುದಿಲ್ಲ ಎಂದು ನಗುವಮ್ಮ ತಮ್ಮ ಕಬ್ಬಿಣದ ಸ್ಟೂಲನ್ನು ಬಿಸಿಲಿಗೇ ಎಳೆದುಕೊಂಡಿದ್ದರು. ಬೆಳಗಿನ ಸೂರ್ಯ ಮುಖಕ್ಕೆ, ಮಧ್ಯಾಹ್ನದ್ದು ನೆತ್ತಿಗೆ; ಸಂಜೆ ಸ್ಟೂಲು ತಿರುಗಿಸಿ ಮತ್ತೆ ಮುಖಕ್ಕೆ. ಪ್ರತಿ ಸೈಕಲ್ಲಿಗೂ ಒಂದೇ ನಂಬರಿನ ಎರಡು ಹಿತ್ತಾಳೆ ಬಿಲ್ಲೆ. ಒಂದು ಹ್ಯಾಂಡಲ್ಲಿಗೆ, ಇನ್ನೊಂದು ಯಜಮಾನನ ಕೈಗೆ. ಬಿಲ್ಲೆ ಕಳೆದುಕೊಂಡ ಸ್ಟೇಷನ್ ಮಾಸ್ತರರೇ ಒಂದು ದಿನ ನಡೆದು ಮನೆಗೆ ಹೋಗಿದ್ದರು.

"ನನ್ನ ಮುಖ ಗೊತ್ತಿಲ್ವೇನಮ್ಮ ನಿಮಗೆ?" ಎಂದು ಅವರು ಕೇಳಿದ್ದಕ್ಕೆ, "ಮುಖ ಯಾರಿಗೆ ಇಲ್ಲ ಸ್ವಾಮಿ. ಬಿಲ್ಲೆ ಎಲ್ಲಿ?" ಎಂದಿದ್ದರಂತೆ.

ಕೆಲಸ ಬಿಟ್ಟ ಮೇಲೂ ಆ ಗುಣ ಬಿಡಲಿಲ್ಲ. ಡಾಕ್ಟರು ಥರ್ಮಾಮೀಟರ್ ಹಿಡಿದರೆ, "ಮೊದಲು ನಿಮ್ಮ ಬಾಯಲ್ಲಿ ಇಟ್ಟು ತೋರಿಸಿ" ಎನ್ನುತ್ತಿದ್ದರು. ದೇವರಿಗೆ ಎರಡೂ ಕೈ ಮುಗಿದರೂ ಒಂದು ಕಣ್ಣು ಬಾಗಿಲಲ್ಲಿ ಬಿಟ್ಟ ಚಪ್ಪಲಿಯ ಮೇಲಿರುತ್ತಿತ್ತು. ಸೊಸೆ ಮನೆಗೆ ಬಂದ ಹೊಸತರಲ್ಲಿ ಸಕ್ಕರೆ ಡಬ್ಬಿ ದಿನಕ್ಕೊಂದು ಜಾಗಕ್ಕೆ ಓಡಾಡುತ್ತಿತ್ತು. ಸೊಸೆ ಮಾತಾಡಲಿಲ್ಲ, ಸಕ್ಕರೆ ಇಲ್ಲದ ಕಾಫಿ ಕುಡಿದಳು. ವಾರದ ಕೊನೆಗೆ ಡಬ್ಬಿ ತಾನಾಗಿ ಒಲೆಯ ಪಕ್ಕಕ್ಕೆ ಬಂತು.

ಆ ಸೊಸೆಯನ್ನು ಕೆಲಸದ ಜಾಗದಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಕಾಂತದಕ್ಕ ಎಂದು. ವಿಜ್ಞಾನ ಸಂಸ್ಥೆಯ ನೆಲಮಾಳಿಗೆಯಲ್ಲಿ ಒಂದು ದೊಡ್ಡ ಆಯಸ್ಕಾಂತ ಇತ್ತು. ಎರಡು ದಪ್ಪ ಗಾಲಿಗಳನ್ನು ಎದುರುಬದುರು ನಿಲ್ಲಿಸಿದ ಹಾಗೆ. ನಡುವೆ ಬೆರಳು ತೂರುವಷ್ಟು ಜಾಗ. ಅಲ್ಲಿಗೆ ಒಂದು ಸಣ್ಣ ಗಾಜಿನ ಕೊಳವೆ ಇಳಿಸಿ ಸೂಕ್ಷ್ಮ ತರಂಗ ಹಾಯಿಸಿದರೆ, ಒಳಗಿನ ವಸ್ತುವಿನಲ್ಲಿ ಜೋಡಿ ತಪ್ಪಿ ಒಂಟಿಯಾದ ಎಲೆಕ್ಟ್ರಾನುಗಳಿದ್ದರೆ ಪರದೆಯ ಮೇಲೆ ಗೆರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕೆ ಎಲೆಕ್ಟ್ರಾನ್ ಸ್ಪಿನ್ ಅನುರಣನ ಎಂದು ಹೆಸರು. ಆ ಯಂತ್ರ ನಡೆಸುವುದು ಅವಳ ಕೆಲಸ. ಬೆಳಿಗ್ಗೆ ಯಂತ್ರ ತಣ್ಣಗಿರಿಸುವ ನೀರಿನ ನಲ್ಲಿ ತಿರುಗಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ ನಿಂತು, ಆಮೇಲೆ ಸ್ವಿಚ್ಚು ಹಾಕುತ್ತಿದ್ದಳು. ವಾಚು ಕಟ್ಟಿಕೊಂಡು, ಬೀಗದ ಕೈ ಇಟ್ಟುಕೊಂಡು ಬಂದವರನ್ನು ಬಾಗಿಲಲ್ಲೇ ತಡೆಯುತ್ತಿದ್ದಳು. "ನಮ್ಮ ಅಮ್ಮನ ಗಾಳಿ ನಿನಗೂ ಬೀಸಿದೆ" ಎಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದ ಗಂಡ ರೇಗಿಸುತ್ತಿದ್ದ.

ಈ ವಿದ್ಯೆಯವರಿಗೆ ದೇಶಕ್ಕೊಂದು ಸಂಘ ಇರುತ್ತದೆ. ಇವರ ದೇಶದ ಸಂಘದಲ್ಲಿ ಇದ್ದವರೆಲ್ಲ ಸೇರಿ ಒಂದು ಬಸ್ಸಿಗಾಗುವಷ್ಟು ಜನ. ಗಡಿಯಾಚೆಯ ದೇಶದ ಸಂಘ ಹಳೆಯದು, ದೊಡ್ಡದು, ಯಂತ್ರಗಳೂ ಹೊಸವು. ಎರಡೂ ಕಡೆ ಮಾತು ಒಂದೇ, ಮನಸ್ಸು ಮಾತ್ರ ಹಿಂದಿನಿಂದಲೂ ಅಷ್ಟಕ್ಕಷ್ಟೇ. ಸಮುದ್ರದಾಚೆಯ ದ್ವೀಪ ದೇಶವೊಂದರ ಚಿಕ್ಕ ಸಂಘ ನಡುವೆ ನಿಂತು ಮೂವರನ್ನೂ ಒಂದು ಕೆಲಸಕ್ಕೆ ಕೂಡಿಸಿತ್ತು. ಕೆಲಸ ಹಲ್ಲಿನದು. ಮನುಷ್ಯನ ಮೇಲೆ ವಿಕಿರಣ ಬಿದ್ದರೆ ಅವನ ಹಲ್ಲಿನ ಬಿಳಿ ಕವಚದಲ್ಲಿ ಆ ಒಂಟಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ವರ್ಷಗಟ್ಟಲೆ ಉಳಿಯುತ್ತವೆ. ಹಲ್ಲು ಅಳೆದರೆ ಅವನ ಮೇಲೆ ಎಷ್ಟು ಬಿದ್ದಿತ್ತು ಎಂದು ಹೇಳಬಹುದು. ಎಲ್ಲಾದರೂ ಅಪಘಾತವಾದರೆ ಮೂರು ದೇಶವೂ ಒಬ್ಬರಿಗೊಬ್ಬರು ನೆರವಾಗಬೇಕು. ಅದಕ್ಕೆ ಮೊದಲು ಮೂವರ ಅಳತೆಯೂ ಒಂದೇ ಬರುತ್ತದೋ ಇಲ್ಲವೋ ನೋಡಬೇಕು.

ನಿಯಮಗಳು ಹೀಗಿದ್ದವು: ಪ್ರತಿ ದೇಶದಿಂದ ಕೆಲವು ದವಡೆ ಹಲ್ಲು. ದಂತವೈದ್ಯರ ಬಳಿ ಕಿತ್ತವು, ವಿಕಿರಣ ಚಿಕಿತ್ಸೆ ಪಡೆಯದ ಸಾಮಾನ್ಯ ಜನರವು. ಕಂದು ಬಾಟಲಿಯಲ್ಲಿ ಹಾಕಿ ಅಲ್ಲೇ ಮುದ್ರೆ ಒತ್ತಬೇಕು. ಅಳೆಯುವವರು ಹಲ್ಲು ನೋಡಕೂಡದು. ಎಲ್ಲ ಬಾಟಲಿಯೂ ಒಂದೇ ಕಡೆ ಹೋಗಿ, ಅಲ್ಲಿ ಒಬ್ಬರೇ ಪ್ರತಿ ಹಲ್ಲಿನ ಅರ್ಧವನ್ನು ಪುಡಿಮಾಡಿ, ಬೇರೆ ನಂಬರು ಕೊಟ್ಟು, ಮೂರೂ ಕಡೆಗೆ ಕಳಿಸಬೇಕು. ಉಳಿದರ್ಧ ಅವರ ಬೀರುವಿನಲ್ಲಿ.

ಪುಡಿ ಮಾಡುವವರು ಯಾರು ಎಂಬ ಪ್ರಶ್ನೆ ಬಂದಾಗ ಕಾಂತದಕ್ಕ ಸಭೆಯಲ್ಲಿ ಕೈ ಎತ್ತಿ ಆಚೆ ದೇಶದ ತಂತ್ರಜ್ಞೆಯ ಹೆಸರು ಹೇಳಿದ್ದಳು. ಆ ಹುಡುಗಿ ಹಿಂದೊಮ್ಮೆ ಇಲ್ಲಿಗೆ ಬಂದು ತಿಂಗಳಿದ್ದು ಕೊಳವೆ ಮುಚ್ಚುವ ಕೆಲಸ ಕಲಿತು ಹೋಗಿದ್ದಳು. ಆಗಿನಿಂದ ಅವಳು ಇವಳಿಗೆ ತಂಗಿ, ಇವಳು ಅವಳಿಗೆ ಅಕ್ಕ. ಇಬ್ಬರೂ ಫೋನಿನಲ್ಲಿ ತಮ್ಮ ತಮ್ಮ ಯಂತ್ರದ ಗೊಣಗಾಟವನ್ನೂ ಮೇಲಿನವರ ಗೊಣಗಾಟವನ್ನೂ ಹಂಚಿಕೊಳ್ಳುತ್ತಿದ್ದರು. "ಅವಳ ಕೈ ಚೊಕ್ಕ. ನಾನು ಜವಾಬ್ದಾರಿ" ಎಂದಿದ್ದಳು ಕಾಂತದಕ್ಕ.

ಸಂಘದ ಅಧ್ಯಕ್ಷರು, ನಿವೃತ್ತ ಪ್ರಾಧ್ಯಾಪಕರು, ಕನ್ನಡಕದ ಮೇಲಿಂದ ನೋಡಿದ್ದರು. "ನೆನಪಿರಲಿ ಕಾಂತದಕ್ಕ, ಜವಾಬ್ದಾರಿ ಅಂದಿದ್ದೀರಿ."

ಅಧ್ಯಕ್ಷರ ಅನುಮಾನಕ್ಕೂ ಕಾರಣ ಇತ್ತು. ಮೊದಲ ಮಾತುಕತೆಯಲ್ಲೇ ಆಚೆಯ ಕಾರ್ಯದರ್ಶಿ, "ಒಂದು ಹಲ್ಲಿಗೆ ನಾವು ಗುಟ್ಟಾಗಿ ವಿಕಿರಣ ಹಾಯಿಸಿ ಸೇರಿಸೋಣ, ಯಾರು ಹಿಡೀತಾರೆ ನೋಡೋಣ" ಎಂದಿದ್ದರು. "ನಮ್ಮನ್ನ ಪರೀಕ್ಷೆ ಮಾಡೋಕೆ ಇವರ್ಯಾರ್ರೀ?" ಎಂದು ಅಧ್ಯಕ್ಷರು ಹಟ ಹಿಡಿದು ಅದನ್ನು ಬಿಡಿಸಿದ್ದರು.

ಈಗ ಫಲಿತಾಂಶ ತೆರೆಯುವ ದಿನ ಬಂತು. ಮೂರು ದೇಶದವರೂ ಪರದೆಯ ಮೇಲೆ ಕೂತರು. ಎಲ್ಲ ಹಲ್ಲಿಗೂ ಮೂವರ ಅಳತೆಯೂ ಹೆಚ್ಚುಕಡಿಮೆ ಹೊಂದಿಕೊಂಡಿತ್ತು. ಆದರೆ ಏಳನೆಯ ನಂಬರು ಮಾತ್ರ ಮೂವರ ಯಂತ್ರದಲ್ಲೂ ಎದ್ದು ನಿಂತಿತ್ತು. ಸಾಮಾನ್ಯ ಜೀವನ ನಡೆಸಿದವರ ಹಲ್ಲಲ್ಲಿ ಅಷ್ಟು ವಿಕಿರಣ ಇರಲು ಸಾಧ್ಯವಿಲ್ಲ. ಏಳು ಯಾರದು ಎಂದು ಪಟ್ಟಿ ತೆಗೆದಾಗ ಇವರ ದೇಶದ್ದೇ ಆಯಿತು. ಆಚೆಯ ಕಾರ್ಯದರ್ಶಿ ಓದಿದರು: ಹೆಂಗಸು, ವಯಸ್ಸಾದವರು, ಸೈಕಲ್ ಸ್ಟ್ಯಾಂಡಿನ ಕೆಲಸ, ವಿಕಿರಣ ಚಿಕಿತ್ಸೆ ಇಲ್ಲ.

ದವಾಖಾನೆಯಲ್ಲಿ ಕಿತ್ತ ಅತ್ತೆಯ ಹಲ್ಲನ್ನೂ ಈ ಕೆಲಸಕ್ಕೆ ಕೊಡಿಸಿದ್ದವಳು ಕಾಂತದಕ್ಕನೇ. ಊರಲ್ಲಿ ಇನ್ನೆಷ್ಟು ಹೆಂಗಸರು ಸೈಕಲ್ ಸ್ಟ್ಯಾಂಡ್ ಕಾದಿದ್ದಾರೆ?

ಪರದೆ ಆರಿದ ಮೇಲೆ ಅಧ್ಯಕ್ಷರು ಕುರ್ಚಿ ಹಿಂದಕ್ಕೆ ತಳ್ಳಿದರು. "ಬೇಡ ಅಂದಿದ್ದನ್ನ ಮಾಡೇ ಬಿಟ್ರು. ನಮ್ಮ ಹಲ್ಲಿಗೇ ಹಾಯಿಸಿದ್ದಾರೆ. ಮುಂದಿನ ವಾರ ಜಂಟಿ ಸಭೆಗೆ ಇಲ್ಲಿಗೇ ಬರ್ತಾರಲ್ಲ, ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ. ಪುಡಿ ಮಾಡಿದವಳನ್ನ ಕೆಲಸದಿಂದ ತೆಗೀಬೇಕು, ಇಲ್ಲ ನಾವು ಹೊರಗೆ."

"ಸಾರ್, ಅವಳು ಹಾಗೆ ಮಾಡೋಳಲ್ಲ."

"ಹಾಗಾದ್ರೆ ಯಾರು ಮಾಡಿದ್ದು? ವಾರ ಇದೆ. ನೀವೇ ಹೇಳಿ."

ಕೆಳಗೆ ಬಂದು ಯಂತ್ರದ ಮುಂದೆ ಕೂತರೆ ಅವಳಿಗೆ ಒಂದು ಹಳೆಯ ಮಾತು ನೆನಪಾಯಿತು. ಬಾಟಲಿಗಳು ಆಚೆ ತಲುಪಿದ ದಿನ ತಂಗಿ ಫೋನು ಮಾಡಿ, ಏನೋ ತಡವರಿಸಿ, "ಅಕ್ಕ, ನಿಮ್ಮ ಹಲ್ಲುಗಳನ್ನೆಲ್ಲ ಯಾರಾದ್ರೂ ನೋಡಿ ಕಳಿಸಿದ್ರಾ?" ಎಂದು ಕೇಳಿದ್ದಳು. "ನೋಡಬಾರದು ಅನ್ನೋದು ನಿಮ್ಮ ನಿಯಮಾನೇ ಅಲ್ವಾ" ಎಂದು ಇವಳು ಸ್ವಲ್ಪ ಬಿಗಿಯಾಗಿಯೇ ಹೇಳಿದ್ದಳು. ತಂಗಿ ಮಾತು ತಿರುಗಿಸಿದ್ದಳು. ಆಗ ಏನೂ ಅನ್ನಿಸಿರಲಿಲ್ಲ. ಈಗ ಆ ತಡವರಿಕೆ ಅಂಗಿಯೊಳಗೆ ಸೇರಿದ ಮುಳ್ಳಿನ ಹಾಗೆ ಚುಚ್ಚತೊಡಗಿತು. ಯಾರೂ ನೋಡಿಲ್ಲ ಎಂದು ಖಾತ್ರಿ ಮಾಡಿಕೊಂಡಳೇ? ಮೇಲಿನವರು ಹೇಳಿದರೆ ಬೇಡ ಎನ್ನುವ ಶಕ್ತಿ ಅವಳಿಗೆಲ್ಲಿದೆ?

ಅನುಮಾನ ಅಲ್ಲಿಗೇ ನಿಲ್ಲದೆ ಅವಳೊಂದಿಗೆ ಬಸ್ಸು ಹತ್ತಿ ಮನೆಗೂ ಬಂತು. ಕೆಲವು ವರ್ಷಗಳ ಹಿಂದೆ ಅತ್ತೆ ಮಗಳ ಊರಿಗೆ ಹೋಗಿ ಆರೇಳು ತಿಂಗಳು ಇದ್ದು ಬಂದಿದ್ದರು. ಬಂದಾಗ ಬಡಕಲಾಗಿದ್ದರು. ಆ ಊರಲ್ಲಿ ದೊಡ್ಡ ಆಸ್ಪತ್ರೆ ಇದೆ. ವಿಕಿರಣ ಚಿಕಿತ್ಸೆಯೂ ಇದೆ. ಇವಳಿಗೆ ಮಾತ್ರ ಹೇಳದೆ ತಾಯಿ ಮಕ್ಕಳು ಸೇರಿ ಏನಾದರೂ ಮುಚ್ಚಿಟ್ಟಿದ್ದಾರೆಯೇ?

ಗಂಡನನ್ನು ಕೇಳಿದಳು. ಅವನು ಕೈಗೆ ಮೆತ್ತಿದ ಗ್ರೀಸನ್ನು ಸೋಪಿನಿಂದ ಉಜ್ಜುತ್ತಲೇ ಇದ್ದ.

"ನಿಮ್ಮಮ್ಮನಿಗೆ ಆಗ ಏನು ಕಾಯಿಲೆ ಆಗಿತ್ತು?"

"ಯಾವಾಗ?"

"ನಿಮ್ಮ ತಂಗಿ ಮನೇಲಿದ್ದಾಗ."

"ಕಾಯಿಲೆ ಯಾಕಾಗುತ್ತೆ? ಬಾಣಂತನ ಮಾಡೋಕೆ ಹೋಗಿದ್ದು. ಅವಳಿ ಮಕ್ಕಳು. ನಿದ್ದೆ ಇರಲಿಲ್ಲ, ಇಳಿದು ಹೋದ್ರು."

"ಅಷ್ಟೇನಾ?"

"ಇನ್ನೇನು ಬೇಕಿತ್ತು ನಿನಗೆ?" ಎಂದು ಅವನು ತಿರುಗಿ ನೋಡಿದ. "ಇಷ್ಟು ದಿನ ಮನೇಲಿ ಒಬ್ಬರೇ ಪೊಲೀಸ್ ಇದ್ರು. ಈಗ ಠಾಣೇನೇ ಆಯ್ತು."

ಸಾಲದೆಂದು ನಾದಿನಿಗೂ ಫೋನು ಮಾಡಿದಳು. ನಾದಿನಿ ಬಿದ್ದು ಬಿದ್ದು ನಕ್ಕಳು. "ಆಸ್ಪತ್ರೆಗಾ ಅತ್ತಿಗೆ? ಅಮ್ಮ ನನ್ನ ಹೆರಿಗೆ ವಾರ್ಡಿಗೇ ಬರಲಿಲ್ಲ. ಮಕ್ಕಳನ್ನ ಅದಲು ಬದಲು ಮಾಡಿಬಿಡ್ತಾರೆ ಅಂತ ಬಾಗಿಲಲ್ಲೇ ನಿಂತು ಕಾದಿದ್ರು. ಅವಳಿ ಮಕ್ಕಳನ್ನ ಯಾರ ಜೊತೆ ಅದಲು ಬದಲು ಮಾಡ್ತಾರೆ ಹೇಳಿ."

ಆ ನಗು ಸುಳ್ಳಿನ ನಗುವಲ್ಲ. ಅಲ್ಲಿಗೆ ಮನೆಯ ಬಾಗಿಲು ಮುಚ್ಚಿತು. ಉಳಿದದ್ದು ಆಚೆಯ ಬಾಗಿಲೊಂದೇ. ಮರುದಿನ ಊಟದ ಬಿಡುವಿನಲ್ಲಿ ನೆಲಮಾಳಿಗೆಯ ಬಾಗಿಲು ಹಾಕಿಕೊಂಡು, ದೇವರ ಮೇಲೆ ಭಾರ ಹಾಕಿ ತಂಗಿಗೆ ಫೋನು ಮಾಡಿದಳು.

"ತಂಗಿ, ನೇರವಾಗಿ ಕೇಳ್ತೀನಿ. ಏಳನೇದಕ್ಕೆ ನೀವು ಏನಾದ್ರೂ ಮಾಡಿದ್ರಾ?"

ಆ ಕಡೆ ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ತಂಗಿಯ ದನಿ ತಣ್ಣಗೆ ಬಂತು. "ನೀವು ಮಾಡಿದ್ದು ಅಂತ ನಾವು ಅಂದ್ಕೊಂಡಿದ್ದೀವಲ್ಲ ಅಕ್ಕ."

"ಏನು ಹಾಗಂದ್ರೆ?"

"ಬೇಜಾರು ಮಾಡ್ಕೋಬೇಡಿ. ಏಳನೇದು ದವಡೆ ಹಲ್ಲೇ ಅಲ್ಲ. ಮುಂದಿನ ಹಲ್ಲು. ಬಾಟಲಿ ತೆಗೆದ ಕೂಡಲೇ ನೋಡಿದೆ. ನಮ್ಮ ಕಾರ್ಯದರ್ಶಿಗೆ ತೋರಿಸಿದೆ. ಅವರು, 'ಬೇಕಂತಲೇ ಹಾಕಿದ್ದಾರೆ. ನಾವು ಪರೀಕ್ಷೆ ಮಾಡ್ತೀವಿ ಅಂದಿದ್ದಕ್ಕೆ ತಿರುಗಿಸಿ ನಮ್ಮನ್ನೇ ಪರೀಕ್ಷೆ ಮಾಡ್ತಿದ್ದಾರೆ. ಬಾಯಿ ಮುಚ್ಕೊಂಡು ಪುಡಿ ಮಾಡು' ಅಂದ್ರು. ಆದ್ರೂ ಮನಸ್ಸು ತಡೀದೆ ನಿಮಗೆ ಫೋನು ಮಾಡಿದೆ. ನೀವು ಬಿರುಸಾಗಿ ಮಾತಾಡಿದ್ರಿ. ಇದರಲ್ಲಿ ಅಕ್ಕನೂ ಸೇರಿದ್ದಾರೆ ಅಂದ್ಕೊಂಡು ಸುಮ್ಮನಾದೆ."

ಕಾಂತದಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. "ಮುಂದಿನ ಹಲ್ಲಾದ್ರೆ ಏನಂತೆ? ವಿಕಿರಣ ಎಲ್ಲಿಂದ ಬಂತು?"

"ವಿಕಿರಣ ಅಲ್ಲ, ಬಿಸಿಲು. ದವಡೆ ಹಲ್ಲು ಕೆನ್ನೆ ಒಳಗೆ ಕತ್ತಲಲ್ಲಿರುತ್ತೆ. ಮುಂದಿನ ಹಲ್ಲಿಗೆ ಬಿಸಿಲು ಬಿದ್ದರೆ, ಅಲ್ಲೂ ಅಂಥದೇ ಗೆರೆ ಏಳುತ್ತೆ. ಅದಕ್ಕೇ ದವಡೆ ಹಲ್ಲೇ ಬೇಕು ಅಂತ ನಿಯಮ. ಉಳಿದರ್ಧ ನನ್ನ ಹತ್ರ ಇತ್ತಲ್ಲ, ತುಟಿ ಕಡೆ ಒಂದು ಚೂರು, ನಾಲಿಗೆ ಕಡೆ ಒಂದು ಚೂರು ತೆಗೆದು ಬೇರೆ ಬೇರೆ ಅಳೆದೆ. ವಿಕಿರಣ ಆಗಿದ್ರೆ ಎರಡೂ ಕಡೆ ಸಮ ಇರಬೇಕಿತ್ತು. ತುಟಿ ಕಡೆ ಮಾತ್ರ ಇದೆ." ತಂಗಿಯೇ ಮುಂದುವರಿಸಿದಳು, "ಯಾರೋ ಗೊತ್ತಿಲ್ಲ ಅಕ್ಕ. ಜೀವನ ಪೂರ್ತಿ ಬಿಸಿಲಲ್ಲಿ ನಿಂತು ನಗ್ತಾ ಇದ್ದೋರು ಇರಬೇಕು."

ಕಾಂತದಕ್ಕನ ಕಣ್ಣ ಮುಂದೆ ಬಿಸಿಲಿನ ಸ್ಟೂಲೂ ಮುಚ್ಚದ ತುಟಿಯೂ ಬಂದವು. ಆದರೂ ಪೂರ್ತಿ ನಂಬಲು ಮನಸ್ಸು ಒಪ್ಪಲಿಲ್ಲ. ಅಧ್ಯಕ್ಷರು ಏನೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು: ಅವರ ಬೀರುವಿನಲ್ಲಿರುವ ಅರ್ಧ ಹಲ್ಲು ನಮ್ಮದೇ ಎಂದು ಯಾರು ಹೇಳಬೇಕು? ಅತ್ತೆ ಕೊಟ್ಟದ್ದು ದವಡೆ ಹಲ್ಲು ಎಂದು ದವಾಖಾನೆಯ ಕಾಂಪೌಂಡರೇ ಹೇಳಿದ್ದ. ಆ ದಿನ ಕಿತ್ತದ್ದು ಎರಡು: ಒಳಗಿನ ದವಡೆಯದು ಒಂದು, ಅಲುಗಾಡುತ್ತಿದ್ದ ಮುಂದಿನದು ಒಂದು.

ಅರ್ಧ ದಿನ ರಜೆ ಹೇಳಿ ಮನೆಗೆ ಬಂದಳು. ನಗುವಮ್ಮ ಕಿಟಕಿಯ ಬಳಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದರು. ಪ್ರತಿ ಜೇಬಿಗೂ ಕೈ ಹಾಕಿ ನೋಡಿಯೇ ಮಡಿಕೆ. ಮುಂದಿನ ಸಾಲಿನಲ್ಲಿ ಒಂದು ಹಲ್ಲಿನ ಕಿಂಡಿ ಬಿದ್ದ ಮೇಲೆ ಮುಖದ ನಗು ಇನ್ನಷ್ಟು ಜೋರಾಗಿತ್ತು.

"ಇಷ್ಟು ಬೇಗ ಯಾಕೆ ಬಂದೆ? ಕೆಲಸ ಕಳ್ಕೊಂಡ್ಯಾ?"

"ಅತ್ತೆ, ದವಾಖಾನೇಲಿ ಬಾಟಲಿಗೆ ಯಾವ ಹಲ್ಲು ಹಾಕಿದ್ರಿ?"

"ಕೇಳಿದ್ದನ್ನ."

"ದವಡೆದಾ?"

ನಗುವಮ್ಮ ಒಂದು ಅಂಗಿಯನ್ನು ಬಿಡಿಸಿ ಮತ್ತೆ ಮಡಿಸಿದರು. "ಯಾರು ಚಾಡಿ ಹೇಳಿದ್ರು?"

"ಯಾರೂ ಹೇಳಿಲ್ಲ. ಹಲ್ಲೇ ಹೇಳ್ತು. ಆಚೆ ದೇಶದ ಹುಡುಗಿ ಕೆಲಸ ಹೋಗುತ್ತೆ ಅತ್ತೆ. ಎರಡು ಸಂಘ ಮುರಿದು ಬೀಳುತ್ತೆ."

ಅತ್ತೆ ಸೊಸೆಯ ಮುಖವನ್ನು ಓದಿದರು. ಆಮೇಲೆ ಎದ್ದು, ದೇವರ ಗೂಡಿನ ಹಿಂದೆ ಕೈ ಹಾಕಿ, ಗಂಟು ಕಟ್ಟಿದ ಒಂದು ಕರವಸ್ತ್ರ ತಂದರು. ಬಿಚ್ಚಿದರೆ ಒಳಗೆ ದವಡೆ ಹಲ್ಲು, ತೊಳೆದು ಒರೆಸಿ ಇಟ್ಟದ್ದು.

"ಯಾಕೆ ಹೀಗೆ ಮಾಡಿದ್ರಿ?"

"ಯಾಕೆ ಅಂದ್ರೆ? ಎರಡು ಹಲ್ಲು ಕಿತ್ತಿದ್ದಾರೆ. ನೀನೂ ದವಡೇದೇ ಬೇಕು ಅಂದೆ, ಡಾಕ್ಟರೂ ಅದೇ ಅಂದ, ಕಾಂಪೌಂಡರೂ ಅದೇ ಅಂದ. ಇನ್ನೊಂದನ್ನ ಯಾರೂ ಕಣ್ಣೆತ್ತಿ ನೋಡಲಿಲ್ಲ. ಸ್ಟ್ಯಾಂಡಲ್ಲಿ ಮೂರು ಜನ ಸೇರಿ ಒಂದೇ ಸೈಕಲ್ ಸುತ್ತ ಸುತ್ತಿದ್ರೆ ನಾನು ಸುಮ್ಮನೆ ಇರ್ತಿದ್ನಾ? ಅದರಲ್ಲೇನೋ ಇದೆ ಅಂತ ಆಯ್ತು. ಅವನು ಆ ಕಡೆ ತಿರುಗಿದಾಗ ಅದನ್ನ ಮುಷ್ಟಿಗೆ ಹಾಕಿ ಇದನ್ನ ಬಾಟಲಿಗೆ ಬಿಟ್ಟೆ. ಬಿಲ್ಲೆ ಇಲ್ಲ, ಗುರುತಿಲ್ಲ, ಕೇಳಿದ್ರೆ ಗಡಿ ದಾಟಿಸ್ತಾರಂತೆ. ಗಟ್ಟಿ ಹಲ್ಲನ್ನ ಹಾಗೆ ಯಾರು ಕೊಡ್ತಾರೆ?"

ಕಾಂತದಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವರವರ ಜಾಗದಲ್ಲಿ ಎಲ್ಲರೂ ಇದನ್ನೇ ಮಾಡಿದ್ದರು. ಅಧ್ಯಕ್ಷರು, ಆಚೆಯ ಕಾರ್ಯದರ್ಶಿ, ತಂಗಿ, ತಾನು. ಅತ್ತೆಯೊಬ್ಬರನ್ನು ಬೈಯುವ ಬಾಯಿ ಎಲ್ಲಿಂದ ತರುವುದು?

"ಇದನ್ನ ನಂಗೆ ಕೊಡಿ ಅತ್ತೆ."

"ನೀನು ಇಸ್ಕೊಂಡು ಹೋಗೋದು ಬೇಡ. ನಾನೇ ಬರ್ತೀನಿ."

ಜಂಟಿ ಸಭೆ ಸಂಸ್ಥೆಯ ಉದ್ದ ಮೇಜಿನ ಕೋಣೆಯಲ್ಲಿ ಸೇರಿತು. ದ್ವೀಪದವರು ನಡುವೆ ಕೂತರು. ಆಚೆಯ ಕಾರ್ಯದರ್ಶಿಯ ಹಿಂದೆ, ಗೋಡೆಯ ಪಕ್ಕ, ತಂಗಿ ತೊಡೆಯ ಮೇಲೆ ಚೀಲ ಹಿಡಿದು ಕೂತಿದ್ದಳು. ಕಾಂತದಕ್ಕನ ಕಡೆ ನೋಡಲಿಲ್ಲ. ನಗುವಮ್ಮ ಒಳಗೆ ಬರುತ್ತಲೇ ಎಲ್ಲರೂ ಎದುರುನಗೆ ನಕ್ಕರು; ಅಜ್ಜಿ ಬಹಳ ಸಂತೋಷವಾಗಿದ್ದಾರೆ ಎಂದುಕೊಂಡರು.

ಕಾಂತದಕ್ಕ ನಿಂತು ನಡೆದದ್ದನ್ನು ಹೇಳಿದಳು. ಅಧ್ಯಕ್ಷರು ಕರವಸ್ತ್ರದ ಮೇಲಿನ ಹಲ್ಲನ್ನು ಬಗ್ಗಿ ನೋಡಿದರು. "ಇದು ಇವರದೇ ಅಂತ ಹೇಗೆ ನಂಬೋದು?"

ನಗುವಮ್ಮ ಮೊದಲ ಬಾರಿಗೆ ಅವರನ್ನು ಮೆಚ್ಚುಗೆಯಿಂದ ನೋಡಿದರು. "ಈ ಯಜಮಾನರು ಸರಿಯಾದ ಮನುಷ್ಯ" ಎಂದು ಸೊಸೆಗೆ ಹೇಳಿ, ಬಾಯಿ ಅಗಲಿಸಿ, ಬೆರಳಿನಿಂದ ಕೆನ್ನೆ ಎಳೆದು ಒಳಗಿನ ಖಾಲಿ ಜಾಗ ತೋರಿಸಿದರು. ಆಮೇಲೆ ಮುಂದಿನ ಕಿಂಡಿ ತೋರಿಸಿದರು. "ಇಲ್ಲಿದ್ದದ್ದು ನಿಮ್ಮ ಹತ್ರ ಇದೆ. ಅರ್ಧ ಪುಡಿ ಮಾಡಿದ್ದೀರಂತೆ. ಉಳಿದರ್ಧ ತಂದಿದ್ದೀರಾ?"

ತಂಗಿ ಎದ್ದು ಬಂದು ಚೀಲದಿಂದ ಸಣ್ಣ ಬಾಟಲಿ ತೆಗೆದಳು. ನಗುವಮ್ಮ ಅದನ್ನು ಬೆಳಕಿಗೆ ಹಿಡಿದು, ಅಂಗೈಗೆ ಸುರಿದುಕೊಂಡು, ಕಿಂಡಿಯ ಪಕ್ಕದ ಹಲ್ಲಿಗೆ ಹಿಡಿದು ತೋರಿಸಿದರು. ಅದೇ ಬಾಗು, ಅದೇ ಹಳದಿ ಗೆರೆ. ಕೋಣೆಯಲ್ಲಿ ಯಾರೋ ಗಂಟಲಲ್ಲೇ ನಕ್ಕರು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಚೆಯ ಕಾರ್ಯದರ್ಶಿ ಮೇಜಿನ ಮೇಲಿನ ನೀರಿನ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ನೀವು ಮೊದಲೇ ಹೇಳಬಹುದಿತ್ತು, ಮುಂದಿನ ಹಲ್ಲು ಬಂದಿದೆ ಅಂತ" ಎಂದರು ಅಧ್ಯಕ್ಷರು.

"ನೀವು ಬೇಕಂತಲೇ ಹಾಕಿದ್ದೀರಿ ಅಂದ್ಕೊಂಡ್ವಿ" ಎಂದರು ಅವರು.

ಕ್ಷಮೆಯ ಮಾತು ಎರಡೂ ಕಡೆಯಿಂದ ಬರಲಿಲ್ಲ. ಆದರೆ ಹೊರಗೆ ಹೋಗುತ್ತೇವೆ ಎಂಬ ಮಾತನ್ನು ಅಧ್ಯಕ್ಷರು ಮತ್ತೆ ಎತ್ತಲಿಲ್ಲ. ಪುಡಿ ಮಾಡುವ ಕೆಲಸ ತಂಗಿಯದೇ ಆಗಿ ಉಳಿಯಿತು. ಇನ್ನು ಮುಂದೆ ಬಾಟಲಿಯಲ್ಲಿ ವಿಚಿತ್ರ ಏನು ಕಂಡರೂ ಅವಳು ಯಾರನ್ನೂ ಕೇಳದೆ ಮೂರು ಸಂಘಕ್ಕೂ ಒಟ್ಟಿಗೇ ಹೇಳಬಹುದು ಎಂದು ದ್ವೀಪದವರು ಸೂಚಿಸಿದಾಗ ಇಬ್ಬರೂ ತಲೆಯಾಡಿಸಿದರು. ಏಳನೆಯ ನಂಬರಿಗೆ ಈಗ ಈ ದವಡೆ ಹಲ್ಲು ಹೋಗಬೇಕು.

"ಕೊಡ್ತೀರಾ ಅಮ್ಮ?" ಎಂದು ತಂಗಿ ಕೈ ಚಾಚಿದಳು.

ನಗುವಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಪುಡಿ ಮಾಡಿದವಳು ನೀನೇನಾ?"

"ಹೌದಮ್ಮ."

"ಮುಂದಿನ ಹಲ್ಲು ಅಂತ ಗೊತ್ತಾದಾಗಲೂ ಬಾಯಿ ಬಿಡಲಿಲ್ಲ."

"ಇಲ್ಲಮ್ಮ. ಭಯ ಆಯ್ತು."

"ಹೂಂ," ಎಂದರು ನಗುವಮ್ಮ. ಸುಳ್ಳು ಹೇಳಲಿಲ್ಲವೆಂಬುದು ಅವರಿಗೆ ಸಾಕಾಗಿತ್ತೇನೋ. ಸೊಂಟದ ಚೀಲಕ್ಕೆ ಕೈ ಹಾಕಿ ಎರಡು ಹಿತ್ತಾಳೆ ಬಿಲ್ಲೆ ತೆಗೆದರು. ಸ್ಟ್ಯಾಂಡು ಮುಚ್ಚಿದ ದಿನ ಮನೆಗೆ ತಂದವು, ಒಂದೇ ನಂಬರಿನವು, ಅಂಚು ಸವೆದವು. ಹಲ್ಲನ್ನು ತಾವೇ ಬಾಟಲಿಗೆ ಹಾಕಿ, ಮುಚ್ಚಳ ತಿರುಗಿಸಿ, ಕುತ್ತಿಗೆಗೆ ದಾರದಿಂದ ಒಂದು ಬಿಲ್ಲೆ ಕಟ್ಟಿದರು. ಗಂಟನ್ನು ಎರಡು ಸಲ ಎಳೆದು ನೋಡಿದರು.

"ಅಮ್ಮ, ಬಿಲ್ಲೆ ಲೋಹ. ಯಂತ್ರದ ಹತ್ರ..." ಎಂದು ತಂಗಿ ಕಾಂತದಕ್ಕನ ಕಡೆ ನೋಡಿದಳು. ಆ ದಿನ ಅವಳು ಇವಳನ್ನು ನೋಡಿದ್ದು ಅದೇ ಮೊದಲು.

"ಹಿತ್ತಾಳೆ, ಕಾಂತಕ್ಕೆ ಅಂಟಲ್ಲ," ಎಂದಳು ಕಾಂತದಕ್ಕ. "ಆದ್ರೂ ಹೊರಗೇ ಬಿಚ್ಚಿಡು ತಂಗಿ."

"ಬಿಚ್ಚಿದ್ರೆ ಮತ್ತೆ ಕಟ್ಟಬೇಕು," ಎಂದರು ನಗುವಮ್ಮ. "ಉಳಿದರ್ಧ ಈ ಬಿಲ್ಲೆ ಜೊತೆ ವಾಪಸ್ ಬರಬೇಕು. ಬಿಲ್ಲೆ ಬರದಿದ್ರೆ ನಾನು ನಿಮ್ಮ ದೇಶಕ್ಕೇ ಬಂದು ಕೂರ್ತೀನಿ."

ಇನ್ನೊಂದು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದೇ ಅವರು ಮೆಟ್ಟಿಲಿಳಿದರು. ಗೇಟಿನ ಬಳಿ ನಿಂತು, ಆಚೆಯವರ ವಾಹನ ಹೊರಡುವವರೆಗೂ ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಕಿಟಕಿಯಿಂದ ತಂಗಿ ಬಾಟಲಿ ಎತ್ತಿ ತೋರಿಸಿದಳು, ಬಿಲ್ಲೆ ತೂಗಾಡಿತು. ವಾಹನದೊಳಗಿದ್ದ ಮಿಕ್ಕವರು ಅಜ್ಜಿ ನಗುತ್ತಾ ಬೀಳ್ಕೊಡುತ್ತಿದ್ದಾರೆಂದುಕೊಂಡು ಕೈ ಬೀಸಿದರು.

ನಗುವಮ್ಮ ಕೈ ಬೀಸಲಿಲ್ಲ. ಕೈಯಲ್ಲಿ ಬಿಲ್ಲೆ ಇತ್ತು.